ಏಂಜೆಲ್ ದ್ವೀಪದ ಗೋಡೆಗಳು



ಅಮೆರಿಕಕ್ಕೆ ವಲಸೆ ಹೋದವರ ಕಥೆಯೆಂದೊಡನೆ ನ್ಯೂಯಾರ್ಕಿನ ಎಲ್ಲಿಸ್ ದ್ವೀಪ ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಅದೇ ದೇಶದ ಪಶ್ಚಿಮ ತೀರದ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿರುವ ಏಂಜೆಲ್ ದ್ವೀಪದ ವಿಷಯ. ಹೆಸರೇನೋ ದೇವದೂತರದು. 1910ರಿಂದ 1940ರವರೆಗೆ ಅಲ್ಲಿ ವಲಸಿಗರ ತಪಾಸಣಾ ಠಾಣೆಯಿತ್ತು. ಎಲ್ಲಿಸ್ ದ್ವೀಪದಲ್ಲಿ ಹೆಚ್ಚಿನವರು ಕೆಲವೇ ಗಂಟೆಗಳಲ್ಲಿ ಪಾರಾಗುತ್ತಿದ್ದರು. ಇಲ್ಲಿ ಚೀನೀಯರು ಬೀಗ ಹಾಕಿದ ಮರದ ಬ್ಯಾರಕ್ಕಿನಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕಿತ್ತು.

ಇದಕ್ಕೆ ಮೂಲ 1882ರ ಒಂದು ಕಾನೂನು. ಚೀನೀ ಕೂಲಿಕಾರರಿಗೆ ಅದು ಬಾಗಿಲು ಮುಚ್ಚಿತು. ವರ್ತಕರು, ವಿದ್ಯಾರ್ಥಿಗಳು, ಅಮೆರಿಕದ ಪೌರರ ಮಕ್ಕಳು ಮುಂತಾದ ಕೆಲವರು ಮಾತ್ರ ಬರಬಹುದಿತ್ತು. 1906ರ ಭೂಕಂಪದ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜನನ ದಾಖಲೆಗಳು ಸುಟ್ಟುಹೋದವು. ‘ನಾನು ಇಲ್ಲೇ ಹುಟ್ಟಿದವನು’ ಎಂದವನ ಮಾತು ಸುಳ್ಳೆನ್ನಲು ಸರ್ಕಾರದ ಬಳಿ ಕಾಗದವಿರಲಿಲ್ಲ. ಹಾಗೆ ಪೌರರಾದವರಲ್ಲಿ ಹಲವರು ಊರಿಗೆ ಹೋಗಿ ಬಂದು ತಮಗೆ ಇಂತಿಷ್ಟು ಗಂಡುಮಕ್ಕಳೆಂದು ಬರೆಸಿದರು. ಇಲ್ಲದ ಮಗನ ಹೆಸರನ್ನು ಬೇರೆಯವರ ಮಗನಿಗೆ ಮಾರಿದರು. ಇಂಥವರಿಗೆ ‘ಕಾಗದದ ಮಕ್ಕಳು’ ಎಂದೇ ಹೆಸರಾಯಿತು.

ಅವರನ್ನು ಹಿಡಿಯಲೆಂದೇ ವಿಚಾರಣೆ. ಮನೆಗೆ ಎಷ್ಟು ಮೆಟ್ಟಿಲು? ಅಕ್ಕಿ ಎಲ್ಲಿಡುತ್ತೀರಿ? ನಿಮ್ಮ ಸಾಲಿನ ಮೂರನೆಯ ಮನೆಯಲ್ಲಿ ಯಾರಿದ್ದಾರೆ? ಇದೇ ಪ್ರಶ್ನೆಗಳನ್ನು ‘ತಂದೆ’ಗೂ ಕೇಳಿ ಉತ್ತರ ತಾಳೆ ನೋಡುತ್ತಿದ್ದರು. ಇಲ್ಲಿ ಕುಳಿತಿರುವ ತಾವೆಷ್ಟು ಜನ ಮನೆಯ ಮೆಟ್ಟಿಲು ಎಣಿಸಿದ್ದೀರೋ, ನಾನಂತೂ ಎಣಿಸಿಲ್ಲ. ನಿಜವಾದ ಮಗನೇ ತಪ್ಪಬಹುದಾದ ಪರೀಕ್ಷೆ ಅದು. ಬಾಯಿಪಾಠ ಮಾಡಿ ಬಂದ ಕಾಗದದ ಮಗ ಪಾಸಾದರೂ ಆದನೇ.

ನಮ್ಮ ದೇಶದವರೂ, ಹೆಚ್ಚಾಗಿ ಪಂಜಾಬಿನ ಸಿಖ್ ರೈತರು, ಈ ಠಾಣೆಗೆ ಬಂದಿದ್ದರು. ಕೊಕ್ಕೆಹುಳು ರೋಗವಿದೆ, ಮುಂದೆ ಸರ್ಕಾರಕ್ಕೆ ಹೊರೆಯಾದಾರು ಎಂಬ ಕಾರಣ ಕೊಟ್ಟು ಬಹಳ ಜನರನ್ನು ಹಿಂದಕ್ಕಟ್ಟಿದರು. 1917ರ ಕಾನೂನು ಭಾರತದ ಕೂಲಿಕಾರರಿಗೂ ಬಾಗಿಲು ಮುಚ್ಚಿತು.

ಕಾದು ಕುಳಿತ ಚೀನೀಯರು ಗೋಡೆಗಳ ಮೇಲೆ ಪದ್ಯ ಬರೆದರು. ಮೊದಲು ಕುಂಚದಿಂದ, ಆಮೇಲೆ ಮರವನ್ನೇ ಕೆತ್ತಿ. ಹಳೆಯ ಚೀನೀ ಛಂದಸ್ಸಿನಲ್ಲಿ ಊರಿನ ನೆನಪು, ಸಿಟ್ಟು, ಸಾಲದ ಚಿಂತೆ. ಹೆಚ್ಚಿನವಕ್ಕೆ ಅಂಕಿತವಿಲ್ಲ. ಅಧಿಕಾರಿಗಳ ಕಣ್ಣಿಗೆ ಇದು ಗೋಡೆ ಕೆಡಿಸುವ ಕೆಲಸ. ಕೆತ್ತಿದ ಅಕ್ಷರಗಳಿಗೆ ಪುಟ್ಟಿ ತುಂಬಿಸಿ ಮೇಲೆ ಬಣ್ಣ ಹೊಡೆಸಿದರು. ಆ ಪುಟ್ಟಿ, ಬಣ್ಣಗಳೇ ಮರಕ್ಕೆ ತೇವ ಹಿಡಿಯದಂತೆ ತಡೆದು ಕೆತ್ತನೆಯನ್ನು ಕಾಪಾಡಿದವು. ಅಳಿಸಬೇಕೆಂದವರಿಂದಲೇ ಉಳಿಯಿತೆನ್ನಿ.

1940ರಲ್ಲಿ ಆಡಳಿತ ಕಟ್ಟಡಕ್ಕೆ ಬೆಂಕಿ ಬಿದ್ದು ಠಾಣೆ ಮುಚ್ಚಿತು. ಜಾಗ ಸೈನ್ಯಕ್ಕೆ ಹೋಯಿತು, ಮುಂದೆ ರಾಜ್ಯದ ಉದ್ಯಾನಕ್ಕೆ ಸೇರಿತು. 1970ರ ಹೊತ್ತಿಗೆ ಬ್ಯಾರಕ್ ಕೆಡವುವ ಯೋಜನೆಯಿತ್ತು. ಆಗ ಉದ್ಯಾನದ ಕಾವಲಿನಲ್ಲಿದ್ದ ಅಲೆಕ್ಸಾಂಡರ್ ವೈಸ್ ಎಂಬುವರು ಟಾರ್ಚಿನ ಬೆಳಕಿನಲ್ಲಿ ಈ ಅಕ್ಷರಗಳನ್ನು ಕಂಡರು. ಮೇಲಧಿಕಾರಿಗಳು ಕಿವಿಗೊಡಲಿಲ್ಲ. ವೈಸ್ ಸುಮ್ಮನಾಗದೆ ಜಾರ್ಜ್ ಅರಾಕಿ ಎಂಬ ಪ್ರಾಧ್ಯಾಪಕರಿಗೆ ಹೇಳಿದರು. ಗೋಡೆಗಳ ಛಾಯಾಚಿತ್ರ ತೆಗೆಸಲಾಯಿತು. ಏಷ್ಯಾ ಮೂಲದ ಅಮೆರಿಕನ್ನರು ಬೆನ್ನುಹತ್ತಿದರು. ಕಡೆಗೆ 1976ರಲ್ಲಿ ರಾಜ್ಯ ಶಾಸನಸಭೆ ಎರಡೂವರೆ ಲಕ್ಷ ಡಾಲರ್ ಮಂಜೂರು ಮಾಡಿತು, 1983ರಲ್ಲಿ ಬ್ಯಾರಕ್ ವಸ್ತುಸಂಗ್ರಹಾಲಯವಾಗಿ ತೆರೆಯಿತು. 2022ರಲ್ಲಿ ಹಳೆಯ ಆಸ್ಪತ್ರೆಯನ್ನೂ ಸರಿಪಡಿಸಿ ತೆರೆದರು. ಸರ್ಕಾರ ತಾನಾಗಿ ಕೊಟ್ಟದ್ದಲ್ಲ ಇದು, ಕೇಳಿ ಪಡೆದದ್ದು.

ಬಂದವರಲ್ಲಿ ಅನೇಕರು ಮಾತ್ರ ತಮ್ಮ ಮಕ್ಕಳಿಗೂ ಈ ದ್ವೀಪದ ಸುದ್ದಿ ಹೇಳಲಿಲ್ಲ. ಸುಳ್ಳು ಹೆಸರಿನಲ್ಲಿ ಬಂದವರಿಗೆ ಗಡೀಪಾರಿನ ಭಯ. ಅವರ ವಿಚಾರಣೆಯ ಕಡತಗಳು ಸ್ಯಾನ್ ಬ್ರೂನೊ ಪಟ್ಟಣದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಮೊಮ್ಮಕ್ಕಳು ಅಲ್ಲಿಗೆ ಹೋಗಿ ಕಡತ ತೆರೆಸಿ ನೋಡುತ್ತಾರೆ. ಅಜ್ಜನ ಫೋಟೊ ಇರುತ್ತದೆ, ಕೆಲವದರಲ್ಲಿ ಊರಿನ ನಕ್ಷೆಯೂ ಇರುತ್ತದೆ, ಮನೆಮನೆಯ ಲೆಕ್ಕವಿರುತ್ತದೆ. ಅಜ್ಜ ಕಾಗದದ ಮಗನಾಗಿದ್ದರೆ, ಆ ಊರು, ಆ ಮನೆ, ಇವರು ಈಗ ಇಟ್ಟುಕೊಂಡಿರುವ ಮನೆತನದ ಹೆಸರು ಎಲ್ಲವೂ ಬೇರೊಬ್ಬರವು.