ಘಟ್ಟದ ದಾರಿಗೆ ಹಗುರವಾದ ಗಾಡಿ

(ಮಳೆಗಾಲಕ್ಕೆ ಮುನ್ನ ಏರ್ಪಡಿಸಿದ್ದ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಪರಿಸರದ ಸಭೆಯಲ್ಲಿ ಕಾರಿನ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಬಸ್ಸೇ ಬಾರದ ಊರುಗಳಲ್ಲಿ ಕುಳಿತು ಗಾಡಿಯೇ ಬೇಡವೆಂದು ಉಪದೇಶಿಸುವುದು ಆಷಾಢಭೂತಿತನವಾದೀತು. ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಒಯ್ಯಲು, ಅಡಿಕೆ ಮೂಟೆಯನ್ನು ಮಂಡಿಗೆ ಸಾಗಿಸಲು ನಾಲ್ಕೂ ಗಾಲಿ ಎಳೆಯುವ ವಾಹನ ನಮಗೆ ಬೇಕು. ಎಂಥದ್ದು ಬೇಕು ಎಂಬುದಷ್ಟೇ ಇಂದಿನ ವಿಚಾರ. ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದಾರಿಗಳಿಗೆ ಎರಡು ಟನ್ನಿನ ದೈತ್ಯಕ್ಕಿಂತ ಚಿಕ್ಕ ಫೋರ್‌ವೀಲ್ ಗಾಡಿಯೇ ಲೇಸು.

ಇದು ಹೊಸ ಕಲ್ಪನೆಯೇನಲ್ಲ. ಜಪಾನಿನ ಸುಜುಕಿ ಕಂಪನಿ 1970ರಲ್ಲಿ ಎಲ್‌ಜೆ10 ಎಂಬ ಪುಟ್ಟ ಜೀಪನ್ನು ಹೊರತಂದಿತು. ಅದರ ಎಂಜಿನ್ 359 ಸಿಸಿ. ಇಂದು ಅದಕ್ಕಿಂತ ದೊಡ್ಡ ಎಂಜಿನ್ನಿನ ಬೈಕುಗಳಿವೆ! ಅದೇ ವಂಶದ ಮಾರುತಿ ಜಿಪ್ಸಿ 1985ರಲ್ಲಿ ನಮ್ಮ ದೇಶಕ್ಕೆ ಬಂದಿತು. ತೂಕ ಒಂದು ಟನ್ನಿಗೂ ಕಡಿಮೆ. ಸೈನ್ಯವೂ ಅದನ್ನು ದಶಕಗಳ ಕಾಲ ಬಳಸಿತು. ಅದರ ಉತ್ತರಾಧಿಕಾರಿಯಾಗಿ ಐದು ಬಾಗಿಲಿನ ಜಿಮ್ನಿ 2023ರಲ್ಲಿ ಇಲ್ಲಿ ಮಾರಾಟಕ್ಕೆ ಬಂದಿತು. ತೂಕ ಸುಮಾರು 1,200 ಕಿಲೊ. ಫಾರ್ಚುನರ್‌ನಂಥ ವಾಹನವಾದರೋ ಎರಡು ಟನ್ ದಾಟುತ್ತದೆ. ಕಡಿದಾದ ಏರನ್ನು ಗಾಡಿ ಹತ್ತುವುದು ಗಾತ್ರದ ಬಲದಿಂದಲ್ಲ. ಗಾಲಿಯ ವೇಗವನ್ನು ಇಳಿಸಿ ಎಳೆತವನ್ನು ಹೆಚ್ಚಿಸುವ ಲೋ ರೇಂಜ್ ಗೇರಿನಿಂದ, ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಅಂತರದಿಂದ. ಇವೆರಡೂ ಚಿಕ್ಕ ಗಾಡಿಯಲ್ಲಿಯೂ ಇವೆ.

ಈಗ ನೆಲದ ಮಾತಿಗೆ ಬರೋಣ. ದೊಡ್ಡ ಗಾಡಿಗೆ ಅಗಲವಾದ ಟೈರುಗಳಿರುವುದರಿಂದ ಭಾರ ಹಂಚಿಹೋಗುತ್ತದೆ ಎಂಬ ವಾದವಿದೆ. ಅದು ಅರ್ಧ ಸತ್ಯ. ಮಣ್ಣಿನ ಮೇಲ್ಪದರದ ಮೇಲಿನ ಒತ್ತಡವನ್ನು ಟೈರಿನ ಗಾಳಿ ನಿರ್ಧರಿಸುತ್ತದೆ. ಆಳದ ಪದರಗಳ ಒತ್ತಡವನ್ನಾದರೋ ಗಾಲಿಯ ಮೇಲಿನ ಒಟ್ಟು ಭಾರ ನಿರ್ಧರಿಸುತ್ತದೆ. ನೀರು ಕುಡಿದ ಮಣ್ಣುರಸ್ತೆಯಲ್ಲಿ ಆಳ ಕುಸಿದರೆ ಗಾಲಿಯ ಜಾಡು ಬೀಳುತ್ತದೆ. ಆ ಜಾಡೇ ಮುಂದಿನ ಮಳೆಗೆ ಕಾಲುವೆ. ಚರಂಡಿಗೆ ಹರಿಯಬೇಕಾದ ನೀರು ರಸ್ತೆಯ ನಡುವೆ ಇಳಿದು, ಮಣ್ಣನ್ನು ಕೊಚ್ಚಿ ಕೆಳಗಿನ ಗದ್ದೆಗೋ ಹಳ್ಳಕ್ಕೋ ಸುರಿಯುತ್ತದೆ. ಊರವರು ಸೇರಿ ಕಲ್ಲು ಹಾಸಿದ ದಾರಿ ಹೀಗೆ ಎರಡೇ ಮಳೆಗಾಲದಲ್ಲಿ ಹಳ್ಳವಾಗಿಬಿಡಬಲ್ಲದು. ಟಾರು ರಸ್ತೆಯನ್ನು ಕೆಡಿಸುವುದು ಮುಖ್ಯವಾಗಿ ಲಾರಿಗಳೇ ಹೊರತು ಯಾವ ಕಾರೂ ಅಲ್ಲ. ನಮ್ಮ ತಕರಾರು ಮಣ್ಣಿನ ದಾರಿಯದು.

ಅಗಲವನ್ನೂ ನೋಡಿ. ಜಿಮ್ನಿಯ ಅಗಲ 1,645 ಮಿಲಿಮೀಟರ್, ಫಾರ್ಚುನರಿನದು 1,855. ವ್ಯತ್ಯಾಸ ಒಂದು ಗೇಣು. ಗೇಣಿನಲ್ಲೇನಿದೆ ಎನ್ನಬೇಡಿ. ಇಕ್ಕಟ್ಟಿನ ರಸ್ತೆಯಲ್ಲಿ ಎರಡು ಗಾಡಿಗಳು ಎದುರಾದಾಗ, ದಾರಿ ಬಿಡುವ ಗಾಲಿ ಅಂಚಿನಲ್ಲೇ ನಿಲ್ಲುವುದೋ ಚರಂಡಿಯ ದಂಡೆಯನ್ನು ಮುರಿಯುವುದೋ ಎಂಬುದನ್ನು ತೀರ್ಮಾನಿಸುವುದು ಆ ಗೇಣೇ. ದಾರಿ ಸಾಲದೆಂದು ಕೊನೆಗೆ ಜೆಸಿಬಿ ತರಿಸಿ ಧರೆ ಕಡಿಸುತ್ತೇವೆ. ಬುಡ ಕಡಿದ ಧರೆ ಜುಲೈ ತಿಂಗಳಲ್ಲಿ ಏನು ಮಾಡುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳಿಗಾಗಿ ಒಂದು ಲೆಕ್ಕ. ಒಂದು ಟನ್ ಭಾರವನ್ನು 500 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 49 ಲಕ್ಷ ಜೌಲ್ ಶಕ್ತಿ ಬೇಕು. ಡೀಸೆಲ್ಲಿನಲ್ಲಿರುವ ಶಕ್ತಿಯ ಮೂರನೆಯ ಒಂದಂಶದಷ್ಟು ಗಾಲಿಗೆ ತಲುಪುವುದೆಂದು ಭಾವಿಸಿದರೆ, ಹೆಚ್ಚುವರಿ ಟನ್ನಿಗೆಂದೇ ಒಂದು ಏರಿಗೆ ಅರ್ಧ ಲೀಟರಿಗಿಂತ ತುಸು ಕಡಿಮೆ ಖರ್ಚು. ಇಳಿಯುವಾಗ ಆ ಶಕ್ತಿಯ ಒಂದು ಪಾಲು ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಆಗುಂಬೆಯ 14 ತಿರುವುಗಳನ್ನು ಇಳಿದವರಿಗೆ ಆ ಬಿಸಿಯ ವಾಸನೆ ಗೊತ್ತು.

‘ದೊಡ್ಡ ಗಾಡಿ ಸುರಕ್ಷಿತವಲ್ಲವೇ?’ ಎಂದು ಯುವಕರು ಕೇಳುತ್ತಾರೆ. ಹೆದ್ದಾರಿಯ ಡಿಕ್ಕಿಯಲ್ಲಿ ಭಾರ ಒಳಗಿನವರನ್ನು ಕಾಯುವುದುಂಟು, ನಿಜ. ಜಾರುವ ಇಳುಕಲಿನಲ್ಲಿ ಮಾತ್ರ ಅದೇ ಭಾರ ಶತ್ರು. ನಾಲ್ಕು ಗಾಲಿಯ ಎಳೆತ ಏರಲು ನೆರವಾಗುತ್ತದೆ, ಬ್ರೇಕನ್ನು ಚುರುಕುಗೊಳಿಸುವುದಿಲ್ಲ. ಕೆಸರಿನಲ್ಲಿ ಹೂತ ಚಿಕ್ಕ ಗಾಡಿಯನ್ನು ನಾಲ್ಕು ಜನ ಸೇರಿ ತಳ್ಳಬಹುದು. ಎರಡು ಟನ್ ಹೂತರೆ ಟ್ರ್ಯಾಕ್ಟರಿಗೆ ಹೇಳಿಕಳುಹಿಸಬೇಕು.

ಕೊರತೆಗಳನ್ನು ಮುಚ್ಚಿಡಲಾರೆ. ಜಿಮ್ನಿಯಲ್ಲಿ ನಾಲ್ವರಿಗೆ ಮಾತ್ರ ಆಸನ, ಹಿಂದೆ ಸಾಮಾನಿಗೆ ಜಾಗ ಕಡಿಮೆ. ಏಳು ಜನರ ಮನೆಗೆ ಅದು ಸಾಲದು. ಹಗುರ ಗಾಡಿಯಾದರೂ ಶೋಲೆಯ ಅಂಚಿನ ಹುಲ್ಲುಗಾವಲಿಗೆ, ಹರಿಯುವ ಹಳ್ಳಕ್ಕೆ ಮೋಜಿಗಾಗಿ ನುಗ್ಗಿಸಿದರೆ ಹಾನಿ ಹಾನಿಯೇ. ರಜೆಯ ದಿನ ಬೆಟ್ಟವೇರಿ ಬರುವ ಶೋಕಿದಾರರ ವಿಷಯ ಬೇರೆಯೇ ಒಂದು ಸಭೆಗೆ ತಕ್ಕದ್ದು.

ಕೊಳ್ಳುವ ಮುನ್ನ ಹಗ್ಗ ಹಿಡಿದು ನಿಮ್ಮ ಮನೆಯ ದಾರಿಯ ಅತಿ ಇಕ್ಕಟ್ಟಾದ ತಿರುವನ್ನೂ ಮೋರಿಯನ್ನೂ ಅಳೆಯಿರಿ. ವರ್ಷದಲ್ಲಿ ಎಷ್ಟು ದಿನ ನಾಲ್ಕೂ ಗಾಲಿಯ ಎಳೆತ ಬೇಕಾಗುತ್ತದೆಂದು ಎಣಿಸಿ. ಬೇಕಾಗುವುದೇ ಇಲ್ಲವಾದರೆ ಸಾದಾ ಕಾರೇ ಸಾಕು. ಜಿಪ್ಸಿ, ಜಿಮ್ನಿಗಳಲ್ಲಿ ಒಣ ಟಾರಿನ ಮೇಲೆ ಫೋರ್‌ವೀಲ್ ಹಾಕಿ ಓಡಿಸಬೇಡಿ. ತಿರುವಿನಲ್ಲಿ ಮುಂದಿನ, ಹಿಂದಿನ ಗಾಲಿಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಹವಣಿಸುವುದರಿಂದ ಗೇರಿನ ಭಾಗಗಳು ಬಿಗಿದುಕೊಳ್ಳುತ್ತವೆ. ಹಳೆಯ ಜಿಪ್ಸಿಗೆ ಮನಸ್ಸು ಮಾಡಿದವರು ಬಣ್ಣಕ್ಕೆ ಮರುಳಾಗದೆ ಕೆಳಗೆ ಮಲಗಿ ಚಾಸಿಸ್ಸಿನ ತುಕ್ಕನ್ನು ನೋಡಿರಿ. ಇನ್ನು ಪ್ರಶ್ನೆಗಳಿದ್ದರೆ ಕೇಳಬಹುದು.