ತೋಳಿನ ಕಡುಬು

ಸಕಲೇಶಪುರ, ಆಲೂರು ಸೀಮೆಯ ತೋಟಗಳಲ್ಲಿ ಕಾಫಿ ಹೂಬಿಡುವ ಹೊತ್ತಿಗೆ ಕ್ಯಾಥೊಲಿಕರ ತಪಸ್ಸುಕಾಲವೂ ಬರುತ್ತದೆ. ವಿಭೂತಿ ಬುಧವಾರದಿಂದ ಈಸ್ಟರಿನವರೆಗೆ, ಭಾನುವಾರಗಳನ್ನು ಬಿಟ್ಟು, 40 ದಿನ. (‘ವಿಭೂತಿ’ ಎಂಬ ನಮ್ಮ ಶಬ್ದ ಅಲ್ಲಿಯೂ ಹಣೆಗೇ ಏರಿದೆ!) ಅದರ ಅರ್ಥವನ್ನು ಮಕ್ಕಳಿಗೆ ಬರಿಯ ಬಾಯಲ್ಲಿ ಹೇಳಿದರೆ ನಿಲ್ಲದು, ಕೈಗೆ ಹಿಟ್ಟು ಕೊಡಿ. ಯುರೋಪಿನಲ್ಲಿ ಈ ವ್ರತಕ್ಕೆ ಹಾಲು, ಬೆಣ್ಣೆ, ಮೊಟ್ಟೆಗಳಿಲ್ಲದ ‘ಪ್ರೆಟ್ಜೆಲ್’ ರೊಟ್ಟಿ ಮಾಡುತ್ತಿದ್ದರು. ಎದೆಯ ಮೇಲೆ ಅಡ್ಡ ಮಡಿಸಿದ ಪ್ರಾರ್ಥನೆಯ ತೋಳುಗಳೇ ಅದರ ಆಕಾರವೆಂದು ಪ್ರತೀತಿ.

ನಮಗೆ ಅಕ್ಕಿಹಿಟ್ಟೇ ಸಾಕು. ಕಡುಬಿಗೆ ಮಾಡುವಂತೆ ಉಪ್ಪುನೀರಿನಲ್ಲಿ ಉಕ್ಕರಿಸಿ ನಾದಿಕೊಡಿ. ಮಕ್ಕಳು ಬೆರಳುಗಾತ್ರ ಹೊಸೆದು, ತುದಿಗಳನ್ನು ಅಡ್ಡ ಮಡಿಸಲಿ. ಹಬೆಯಲ್ಲಿ ನೀವು ಬೇಯಿಸಿ. ಆರಿದ ಹಿಟ್ಟು ಬಿರಿಯುತ್ತದೆ. ಒದ್ದೆ ಬೆರಳಿನಿಂದ ಸವರಿ.

ಶಿಷ್ಯನೊಬ್ಬನ ಮನೆಯಲ್ಲಿ, “ಬೆಲ್ಲ ಯಾಕಿಲ್ಲ?” ಎಂದು ಅವನ ತಂಗಿ ಮುನಿದಳು. “ಅದು ಲೈನ್‌ಮನೆ ಅಜ್ಜಿಗೆ,” ಎಂದ ಅಣ್ಣ. ಹುಡುಗಿ ಯೋಚಿಸಿ, “ಅಜ್ಜಿಗೆ ಒಂದು ಕಡುಬೂ ಮಾಡ್ಲಾ?” ಎಂದಳು.