ಒಂದು ಸಾಲಿನ ಪಾಠಾಂತರ

ಜಾಲವನ್ನು ನಡೆಸುವ ರೂಟರಿಗೆ ನಮ್ಮ ಇಚ್ಛೆಯನ್ನು ತಿಳಿಸಲು ಎರಡು ದಾರಿಗಳುಂಟು. ಬ್ರೌಸರಿನಲ್ಲಿ ಅದರ ಪುಟವನ್ನು ತೆರೆದು ಚೌಕಗಳಿಗೆ ಗುರುತು ಹಾಕುವುದು ಒಂದು; ಆಜ್ಞೆಗಳನ್ನು ಸಾಲುಸಾಲಾಗಿ ಟೈಪು ಮಾಡುವುದು ಇನ್ನೊಂದು. ಕನ್ನಡ ಮೇಷ್ಟರಿಗೆ ಇಲ್ಲೇನು ಕೆಲಸವೆಂದು ನೀವು ಕೇಳಬಹುದು.

ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಗ್ರಂಥಾಲಯದಲ್ಲಿ ಒಮ್ಮೆ ಜಾಲ ನಿಂತುಹೋಯಿತು. ಪುಟದಲ್ಲಿ ಯಾವುದೋ ಗುರುತನ್ನು ಬದಲಿಸಿದ್ದ ತರುಣನಿಗೆ ಅದು ಯಾವುದೆಂಬುದೇ ನೆನಪಿರಲಿಲ್ಲ. ಆಮೇಲೆ ಬಂದ ಹಿರಿಯ ಎಂಜಿನಿಯರೊಬ್ಬರು ಯಂತ್ರದೊಳಗಿನ ಆಜ್ಞೆಗಳನ್ನೆಲ್ಲ ಬರಹವಾಗಿ ಹೊರತೆಗೆದು, ಹಿಂದೆ ತೆಗೆದಿಟ್ಟಿದ್ದ ಪ್ರತಿಯೊಡನೆ ಹೋಲಿಸಿದರು. ಒಂದೇ ಸಾಲು ಬೇರೆಯಾಗಿತ್ತು. ಓಲೆಗರಿಗಳನ್ನು ಹೋಲಿಸಿ ಪಾಠಾಂತರವನ್ನು ಗುರುತಿಸುವ ನಮ್ಮ ಗ್ರಂಥಸಂಪಾದನೆಯೇ ಅದು!

ಅಂದು ಅವರಿಂದ ಇನ್ನೊಂದನ್ನು ತಿಳಿದೆ. ಸಿಸ್ಕೊ ರೂಟರಿನಲ್ಲಿ ಚಾಲ್ತಿಯ ಪ್ರತಿ ಬೇರೆ, ಉಳಿಸಿಟ್ಟ ಪ್ರತಿ ಬೇರೆ. ದೂರದಿಂದ ಅಪಾಯದ ಬದಲಾವಣೆ ಮಾಡುವವರು ಮೊದಲು ‘ರೀಲೋಡ್ ಇನ್ 10’ ಎಂದು ಆಜ್ಞಾಪಿಸುತ್ತಾರೆ. ಕೈತಪ್ಪಿ ತಮಗೇ ಬಾಗಿಲು ಮುಚ್ಚಿಕೊಂಡರೆ, 10 ನಿಮಿಷಗಳಲ್ಲಿ ಯಂತ್ರ ಮರುಚಾಲನೆಗೊಂಡು ಉಳಿಸಿಟ್ಟ ಪ್ರತಿಗೆ ಮರಳುತ್ತದೆ.

ಬ್ರೌಸರಿನ ಪುಟ ಹೊಸಬರಿಗೆ ಉಪಕಾರಿ. ಮನೆಯ ವೈಫೈಗೆ ಅದೇ ಸಾಕು. ಆದರೆ ಹಲವರ ಕೆಲಸ ನೆಚ್ಚಿಕೊಂಡಿರುವಲ್ಲಿ, ಮಾಡಿದ್ದೆಲ್ಲ ಬರಹವಾಗಿ ಉಳಿಯಬೇಕು. ಆ ತರುಣನಿಗೆ ನಾನು ಹೇಳಿದ್ದಿಷ್ಟೆ: ಯಾವ ದಾರಿಯಲ್ಲಾದರೂ ಹೋಗಪ್ಪ, ಹೊರಡುವ ಮುನ್ನ ಒಂದು ಪ್ರತಿ ತೆಗೆದಿಡು.